ಯಾರ ಕೈಗೆ ಯಾವ ಕಥೆ

ಕೋಲಾರ

ಪ್ರೀತಿಯ ತಂಗಿ,

ನೀನು ಕಳಿಸಿದ ಪುಸ್ತಕ ಪರಿಚಯಗಳನ್ನು ಓದಿದೆ. ಭಾಷೆ ಚೆನ್ನಾಗಿದೆ, ಆದರೆ ಸಾರಾಂಶವೇ ಜಾಸ್ತಿ. ಕಥೆಯನ್ನೆಲ್ಲ ನೀನೇ ಹೇಳಿಬಿಟ್ಟರೆ ಚಿಂತಾಮಣಿಯ ಪಿಯುಸಿ ಹುಡುಗಿ ಆ ಪುಸ್ತಕ ಯಾಕೆ ಹುಡುಕಬೇಕು?

ಹಳೆಯ ಕಥೆಯನ್ನು ಹೊಸದಾಗಿ ಹೇಳಿದ ಪುಸ್ತಕವಾದರೆ ಸಾರಾಂಶದಿಂದ ಏನೂ ಲಾಭವಿಲ್ಲ. ಸಿಂಡರೆಲ್ಲಾಗೆ ರಾಜಕುಮಾರ ಸಿಗುತ್ತಾನೆ ಅಂತ ಎರಡನೇ ಕ್ಲಾಸಿನ ಮಗುವಿಗೂ ಗೊತ್ತು. ಹೊಸ ಲೇಖಕಿ ಕೇಳಿದ ಹೊಸ ಪ್ರಶ್ನೆ ಯಾವುದು, ಅದನ್ನು ಹೇಳು. ಸಿಂಡರೆಲ್ಲಾ ಕಥೆಯನ್ನೇ ಹೊಸದಾಗಿ ಹೇಳಿ ಗೇಲ್ ಕಾರ್ಸನ್ ಲೆವೀನ್ 1997ರಲ್ಲಿ ಬರೆದ ಇಂಗ್ಲಿಷ್ ಕಾದಂಬರಿ ‘ಎಲ್ಲಾ ಎನ್‌ಚಾಂಟೆಡ್’ ತೆಗೆದುಕೋ. ಮನೆಯವರು ಹೇಳಿದ್ದನ್ನೆಲ್ಲ ಈ ಹುಡುಗಿ ಸುಮ್ನೆ ಯಾಕೆ ಮಾಡುತ್ತಾಳೆ? ಒಳ್ಳೆಯವಳು, ಅದಕ್ಕೇ ಮಾಡುತ್ತಾಳೆ ಅಂತ ಹಳೆಯ ಕಥೆ ಮುಂದಕ್ಕೆ ಹೋಗುತ್ತದೆ. ಲೆವೀನ್ ಅಷ್ಟಕ್ಕೆ ಬಿಡುವುದಿಲ್ಲ. ಹುಟ್ಟಿದ ಕೂಸಿಗೆ ಒಬ್ಬ ಕಿನ್ನರಿ ‘ಹೇಳಿದ ಮಾತು ಕೇಳುವ’ ವರ ಕೊಡುತ್ತಾಳೆ. ಅಲ್ಲಿಂದ ಯಾರು ಏನು ಅಪ್ಪಣೆ ಮಾಡಿದರೂ ಅವಳು ಮಾಡಲೇಬೇಕು. ‘ಎಷ್ಟು ಮಾತು ಕೇಳ್ತಾಳೆ ನೋಡು’ ಅಂತ ಹೊಗಳಿಸಿಕೊಂಡೇ ಬೆಳೆದ ನಮ್ಮ ಕಡೆ ಹುಡುಗಿಯರಿಗೆ ಇದು ಎಲ್ಲಿ ನಾಟುತ್ತದೆ ಅಂತ ನಿನಗೆ ಬಿಡಿಸಿ ಹೇಳಬೇಕಾ? ಅಲ್ಲಿಗೆ ಪರಿಚಯ ನಿಲ್ಲಿಸು. ವರ ಹೇಗೆ ಕಳೆಯಿತು ಅನ್ನುವುದನ್ನು ಅವರೇ ಓದಿಕೊಳ್ಳಲಿ.

ಇನ್ನೊಂದು ಮಾತು. ‘ಅಡಗೂಲಜ್ಜಿ ಕಥೆ ತಾನೆ, ಯಾವ ಮಗುವಿಗಾದರೂ ಕೊಡಿ’ ಅಂತ ಬರೆದಿದ್ದೀಯ. ಯಾರು ಹೇಳಿದ ಕಥೆ ಅಂತ ಮೊದಲು ನೋಡಬೇಕು. 1697ರಲ್ಲಿ ಬಂದ ಫ್ರೆಂಚ್ ಲೇಖಕ ಪೆರೋನ ಕಥೆಯಲ್ಲಿ ಸಿಂಡರೆಲ್ಲಾ ಮಲತಾಯಿಯ ಮಕ್ಕಳನ್ನು ಕ್ಷಮಿಸಿ, ಅವರಿಗೆ ಮದುವೆಯನ್ನೂ ಮಾಡಿಸುತ್ತಾಳೆ. ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹದಲ್ಲಿ ಅದೇ ಹುಡುಗಿಯರು ಚಪ್ಪಲಿಗೆ ಕಾಲು ಹಿಡಿಸಲಿ ಅಂತ ಬೆರಳು, ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ. ಅವರ 1812ರ ಮೊದಲ ಆವೃತ್ತಿಯಲ್ಲಿ ಇನ್ನೊಂದು ಕಥೆಯ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಆಮೇಲೆ ಅವರೇ ಮಲತಾಯಿ ಅಂತ ತಿದ್ದಿದರು. ಹದಿನಾಲ್ಕು ವರ್ಷದವರು ಇದನ್ನೆಲ್ಲ ಖುಷಿಯಾಗಿ ಓದುತ್ತಾರೆ, ಹೆದರುವವರು ಅಪ್ಪ-ಅಮ್ಮಂದಿರು. ಆರು ವರ್ಷದ ಮಗುವಿಗೆ ಮಾತ್ರ ಪೆರೋನೇ ಸಾಕು.

ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಮೊಬೈಲಲ್ಲಿ ಇಂಗ್ಲಿಷ್, ಹೀಗೆ ಬೆಳೆಯುವ ಮಕ್ಕಳು ನಿನ್ನ ಓದುಗರು. ಹೊರಗಿನ ಪುಸ್ತಕ ಹೇಳುವಾಗ ಪಕ್ಕದಲ್ಲೇ ನಮ್ಮದೊಂದು ಇಡು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಬಡ ಹುಡುಗಿಯೊಬ್ಬಳು ಹೂವಿನ ಗಿಡವಾಗುತ್ತಾಳೆ. ಉಗುರು ತಾಕಿಸದೆ ನೀರು ಸುರಿಯಬೇಕು, ರೆಂಬೆಗೆ ನೋವಾಗದಂತೆ ಹೂ ಬಿಡಿಸಬೇಕು. ಮದುವೆಯಾದ ಮೇಲೆ ನಾದಿನಿ ಮತ್ತು ಅವಳ ಗೆಳತಿಯರು ಆ ಕ್ರಮ ಮರೆತು ರೆಂಬೆ ಮುರಿದುಹಾಕುತ್ತಾರೆ. ಅವಳು ಪೂರ್ತಿ ಗಿಡವೂ ಅಲ್ಲ, ಪೂರ್ತಿ ಮನುಷ್ಯಳೂ ಅಲ್ಲ. ನನ್ನ ಮೈಯನ್ನು ಯಾರು ಹೇಗೆ ಮುಟ್ಟಬೇಕು ಅನ್ನುವ ವಿಷಯ ಹದಿನೈದರ ಹುಡುಗಿಯದೇ ಅಲ್ವಾ? ಇದನ್ನು ಹಳ್ಳಿ ಹೆಂಗಸರು ಯಾವತ್ತೋ ಕಥೆ ಮಾಡಿ ಹೇಳಿದ್ದಾರೆ. ಆಗ ಹದಿಹರೆಯದವರ ಪುಸ್ತಕಗಳಿಗೆ ‘ಯಂಗ್ ಅಡಲ್ಟ್’ ಅನ್ನುವ ಹೆಸರೇ ಇರಲಿಲ್ಲ.

ಆ ವಯಸ್ಸಿಗೆಂದೇ ಬರೆದ ಕಾದಂಬರಿ ಕನ್ನಡದಲ್ಲಿ ಕಡಿಮೆ, ನಿಜ. ಪುಸ್ತಕ ಮುಟ್ಟದ ಹುಡುಗನಿಗೆ ತೇಜಸ್ವಿಯವರ ‘ಕರ್ವಾಲೊ’ ಕೊಡು. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ ಅಂತಷ್ಟೇ ಹೇಳು.

ಪುಸ್ತಕದ ಇಂಗ್ಲಿಷ್ ಎಷ್ಟು ಕಷ್ಟ ಅಂತ ಒಂದು ಸಾಲು ಸೇರಿಸು. ತಾಲ್ಲೂಕು ಲೈಬ್ರರಿಯಲ್ಲಿ ಇದೆಯಾ ವಿಚಾರಿಸು, ಇಲ್ಲದಿದ್ದರೆ ಇಲ್ಲ ಅಂತಲೇ ಬರೆ. ಮೊದಲು ಹೂವಿನ ಗಿಡದ ಪರಿಚಯ ಬರೆದು ಕಳಿಸು. ಒಂದು ಪುಟ ದಾಟಬಾರದು.

ಇಂತಿ,
ನಿನ್ನ ಅಕ್ಕ