ಬೇವಿನ ಕಷಾಯ ಕೆಡುವುದು ತಯಾರಿಯಲ್ಲಿ

ಮಾನ್ಯರೇ,

ಬೇವಿನ ಹಣ್ಣು ಉದುರುವ ಕಾಲವಿದು. ರಸ್ತೆಬದಿ, ಶಾಲೆಯಂಗಳದಲ್ಲಿ ಬಿದ್ದದ್ದನ್ನೆಲ್ಲ ಗುಡಿಸಿ ಎಸೆಯುತ್ತಿದ್ದೇವೆ. ಇತ್ತ ಎಲೆಕೋಸು ಬೆಳೆಗಾರರು ಕೋಸಿನ ಎಲೆ ಮೇಯುವ ಡೈಮಂಡ್ ಬ್ಯಾಕ್ ಹುಳುವಿಗೆ ಔಷಧಿ ಮೇಲೆ ಔಷಧಿ ಹೊಡೆದು ಸೋಲುತ್ತಿದ್ದಾರೆ. ಎಂಥ ವಿಷಕ್ಕೂ ಬೇಗ ಒಗ್ಗಿಕೊಳ್ಳುವ ಹುಳು ಅದು. ಬೇವಿನ ಬೀಜದ ಕಷಾಯ ಎಂದರೆ ‘ಅದು ಕೆಲಸ ಮಾಡಲ್ಲ’ ಎಂಬ ಮಾತು ಬರುತ್ತದೆ. ಖಂಡಿತ ಮಾಡುತ್ತದೆ, ತಯಾರಿ ಸರಿಯಿದ್ದರೆ.

ಹಣ್ಣು ಆಯ್ದ ಕೂಡಲೇ ಕಿವುಚಿ ತೊಳೆದು ಬೀಜವನ್ನು ನೆರಳಲ್ಲಿ ಒಣಗಿಸಬೇಕು. ಲೋಳೆ ಅಂಟಿಕೊಂಡಿದ್ದರೆ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೂ ಅಷ್ಟೇ, ಗೋಣಿಚೀಲವೇ ಸರಿ. ಎಂಟು ತಿಂಗಳು ದಾಟಿದ ಬೀಜ ಬೇಡ. 100 ಲೀಟರ್ ಕಷಾಯಕ್ಕೆ ಸಿಪ್ಪೆ ಬಿಡಿಸಿದ ತಿರುಳು 4 ಕೆ.ಜಿ. ಎಣ್ಣೆ ಬಿಡದಂತೆ ತರಿತರಿಯಾಗಿ ಕುಟ್ಟಿ, 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಹಾಲಿನಂತಾಗುವ ತನಕ ಕಲಕಿ, ಎರಡು ಪದರದ ಬಟ್ಟೆಯಲ್ಲಿ ಸೋಸಿ, ಉಳಿದ ನೀರು ಸೇರಿಸಬೇಕು. ಸೋಸುವುದರಲ್ಲಿ ಅವಸರ ಮಾಡಿದರೆ ನಾಜಲ್ ಕಟ್ಟಿಕೊಳ್ಳುತ್ತದೆ. 200 ಗ್ರಾಂ ಸೋಪಿನ ಪುಡಿ ಬೆರೆಸುವುದನ್ನು ಮರೆಯಬಾರದು: ಕೋಸಿನ ಎಲೆ ಮೇಣದಂತೆ ನುಣುಪು, ಸೋಪಿಲ್ಲದಿದ್ದರೆ ಹನಿ ಜಾರಿ ನೆಲಕ್ಕೆ ಬೀಳುತ್ತದೆ.

ಬಿಸಿಲಿಗೆ ಇದರ ಸತ್ವ ಹಾಳಾಗುವುದರಿಂದ ಸಂಜೆಯೇ, ಅದೂ ಮಾಡಿದ ದಿನವೇ ಸಿಂಪಡಿಸಬೇಕು. ಎಲೆಯ ಕೆಳಭಾಗವೂ ನೆನೆಯಬೇಕು. ಮರುದಿನ ಹುಳು ಜೀವಂತ ಕಂಡರೆ ಗಾಬರಿ ಬೇಡ. ಬೇವು ಹುಳುವನ್ನು ಥಟ್ಟನೆ ಕೊಲ್ಲುವುದಿಲ್ಲ. ಮೇಯುವುದನ್ನು ಬಿಡಿಸುತ್ತದೆ, ಪೊರೆ ಕಳಚಲು ಬಿಡುವುದಿಲ್ಲ. ಬಲಿತ ಹುಳುವಿನ ಮೇಲೆ ಪರಿಣಾಮ ಕಡಿಮೆ. ಆದ್ದರಿಂದ ನಾಟಿ ಮಾಡಿ 18–25 ದಿನಕ್ಕೆ, ಗಡ್ಡೆ ಕಟ್ಟಲು ಶುರುವಾಗುವಾಗಲೇ ಮೊದಲ ಸಿಂಪಡಣೆ ಆಗಬೇಕು. ಆಮೇಲೆ 10–15 ದಿನಕ್ಕೊಮ್ಮೆ. ಹುಳು ಗಡ್ಡೆಯೊಳಗೆ ಹೊಕ್ಕರೆ ಯಾವ ಕಷಾಯವೂ ಮುಟ್ಟದು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದ ಸಾಸಿವೆ ಸಾಲೂ ಜೊತೆಗಿರಲಿ: 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ, ಒಂದು ಸಾಲು ಕೋಸಿನ ನಾಟಿಗೆ 15 ದಿನ ಮುಂಚೆ, ಇನ್ನೊಂದು ನಾಟಿಯಾದ 25 ದಿನಕ್ಕೆ. ಮೊದಲನೆಯದು ಬಲಿತು ಒಣಗುವ ಹೊತ್ತಿಗೆ ಎರಡನೆಯದು ಈ ಹುಳುವಿನ ಮೊಟ್ಟೆಯಿಡುವ ಚಿಟ್ಟೆಗಳನ್ನು ಕೋಸಿನ ಬದಲು ತನ್ನತ್ತ ಸೆಳೆಯುತ್ತದೆ. ಆ ಸಾಸಿವೆಯ ಮೇಲಿನ ಹುಳುವನ್ನು ಹಾಗೇ ಬಿಟ್ಟರೆ ಮಾತ್ರ ಹೊಲದಲ್ಲಿ ನಾವೇ ಹುಳು ಸಾಕಿದಂತೆ.

ಬೇವಿನ ಬೀಜ ಸಿಗದೇ ಎಷ್ಟೋ ಬೆಳೆಗಾರರು ಈ ಕಷಾಯವನ್ನು ಕೈಬಿಡುತ್ತಾರೆ. ಗ್ರಾಮ ಪಂಚಾಯಿತಿಗಳು ಸ್ವಸಹಾಯ ಸಂಘಗಳ ಮೂಲಕ ಈಗಲೇ ಬೀಜ ಆಯಿಸಲಿ. ಅದನ್ನು ಕೊಂಡು, ಒಣಗಿಸಿ, ಸಂಗ್ರಹಿಸಿದ ತಿಂಗಳನ್ನು ಚೀಲದ ಮೇಲೆ ಬರೆದು ರೈತ ಸಂಪರ್ಕ ಕೇಂದ್ರಗಳಲ್ಲಿ ಮಾರುವ ವ್ಯವಸ್ಥೆಯನ್ನು ಕೃಷಿ ಇಲಾಖೆ ಮಾಡಬೇಕು.

– ತರಕಾರಿ ಬೆಳೆಗಾರರು, ಕೋಲಾರ ಜಿಲ್ಲೆ