ಅಂತರ ಕಡಿಮೆಯಾದ ಮೇಲಿನ ಕೆಲಸ

ಎಡಿಸನ್, ನ್ಯೂಜೆರ್ಸಿ
16 ಜೂನ್ 2025

ಚಿ. ಮೇಘನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ದೊಡ್ಡಪ್ಪನ ಮಂಡಿನೋವು ಮಾತ್ರ ಇದ್ದ ಹಾಗೇ ಇದೆ. ನ್ಯೂಯಾರ್ಕ್ ಮೇಯರ್ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ, ಇದೇ 24ರ ಪ್ರೈಮರಿಯ ಬಗ್ಗೆ ನೀನು ಕಳಿಸಿದ ಸಮೀಕ್ಷೆಗಳನ್ನೆಲ್ಲ ನೋಡಿದೆ. ಫೆಬ್ರವರಿಯಲ್ಲಿ ಎಮರ್ಸನ್ ಕಾಲೇಜಿನವರು ಕೇಳಿದಾಗ ನೀನು ಪ್ರಚಾರ ಮಾಡುತ್ತಿರುವ ನಿಮ್ಮ ಜೊಹ್ರಾನ್ ಮಮ್ದಾನಿ ಕಡೆ ಇದ್ದದ್ದು ನೂರಕ್ಕೆ ಒಬ್ಬರು. ಮೇ ಕೊನೆಗೆ ಅವರದೇ ಲೆಕ್ಕದಲ್ಲಿ ಕೊನೆಯ ಸುತ್ತಿನ ಹೊತ್ತಿಗೆ ಮಾಜಿ ಗವರ್ನರ್ ಆಂಡ್ರ್ಯೂ ಕ್ಯೂಮೋ 54, ಮಮ್ದಾನಿ 46. ಆಮೇಲೆ ಬಂದವುಗಳಲ್ಲಿ ಅಂತರ ಇನ್ನೂ ಇಳಿದಿದೆ, ಒಂದರಲ್ಲಂತೂ ನಿಮ್ಮವರೇ ಮುಂದು. ಅದನ್ನು ಕಳಿಸಿ ಕೆಳಗೆ ನೀನು ಹಾಕಿದ ಚಿತ್ರಗಳನ್ನು ನೋಡಿ ದೊಡ್ಡಪ್ಪ, "ಇವಳು ಆಗಲೇ ಪ್ರಮಾಣವಚನಕ್ಕೆ ಸೀರೆ ಆರಿಸ್ತಿದ್ದಾಳೆ" ಅಂದರು.

ಅವರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡ. ಆದರೆ ಈ ಏರಿಕೆ ಇದೆಯಲ್ಲ, ಇದನ್ನು ನಾನು ಹಿಂದೆಯೂ ನೋಡಿದ್ದೇನೆ. ಏರುವುದು ಒಂದು, ಏರಿದ್ದನ್ನು ಎಣಿಕೆಯ ಮೇಜಿನವರೆಗೆ ತಲುಪಿಸುವುದು ಇನ್ನೊಂದು. ನೀನು ಈಗ ಎರಡನೆಯ ಕೆಲಸದಲ್ಲಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ.

1984ರಲ್ಲಿ ನಾವು ಈ ದೇಶಕ್ಕೆ ಹೊಸಬರು. ವೋಟಿಲ್ಲ, ಟಿವಿ ಇತ್ತು. ದೇಶದ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದಲ್ಲಿ ವಾಲ್ಟರ್ ಮಾಂಡೇಲ್‌ಗೇ ಟಿಕೆಟ್ ಅಂತ ಎಲ್ಲರೂ ಬರೆದಿಟ್ಟಿದ್ದರು. ಮಾಜಿ ಉಪಾಧ್ಯಕ್ಷ, ಕಾರ್ಮಿಕ ಸಂಘಗಳೆಲ್ಲ ಅವರ ಕಡೆ. ಎದುರಿಗೆ ಕೊಲರಾಡೋದ ಸೆನೆಟರ್ ಗ್ಯಾರಿ ಹಾರ್ಟ್. ಅಯೋವಾದಲ್ಲಿ ಮಾಂಡೇಲ್‌ಗೆ ಹತ್ತಿರ ಹತ್ತಿರ ಶೇ. 49, ಹಾರ್ಟ್‌ಗೆ ಶೇ. 16 ಚಿಲ್ಲರೆ. ಮೂರರಲ್ಲೊಂದು ಪಾಲು! ಆದರೂ ಎರಡನೆಯ ಸ್ಥಾನ ಅಂತ ಸುದ್ದಿಯಾಯಿತು. ಎಂಟೇ ದಿನಕ್ಕೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಾರ್ಟ್ 37, ಮಾಂಡೇಲ್ 28. ಆ ಚಳಿಯಲ್ಲಿ ಬರ್ಲಿನ್ ಅನ್ನೋ ಮರಕಡಿಯುವವರ ಊರಲ್ಲಿ ಹಾರ್ಟ್ ಕೊಡಲಿ ಎಸೆದು ಗುರಿ ಮುಟ್ಟಿಸಿದ್ದನ್ನು ಟಿವಿಯವರು ತೋರಿಸಿದ್ದೇ ತೋರಿಸಿದ್ದು.

ಅಲ್ಲಿಂದ ಏನಾಯಿತು ಅನ್ನುವುದೇ ನಿನಗೆ ಬೇಕಾದ ಭಾಗ. ಆಗ ಕೆಲವು ರಾಜ್ಯಗಳಲ್ಲಿ ಜನ ವೋಟು ಹಾಕಿದರೆ ಸಾಲದಾಗಿತ್ತು. ಪಕ್ಷದ ಅಧಿವೇಶನಕ್ಕೆ ಹೋಗಿ ಟಿಕೆಟ್ ತೀರ್ಮಾನಿಸುವ ಪ್ರತಿನಿಧಿಗಳ ಪಟ್ಟಿಯನ್ನು ಅಭ್ಯರ್ಥಿ ಮೊದಲೇ ಸಲ್ಲಿಸಿರಬೇಕಿತ್ತು. ಇಲಿನಾಯ್, ಪೆನ್ಸಿಲ್ವೇನಿಯಾ ಮುಂತಾದ ಕಡೆ ಹಾರ್ಟ್ ಕಡೆಯವರು ಪೂರ್ತಿ ಪಟ್ಟಿಯನ್ನೇ ಕೊಟ್ಟಿರಲಿಲ್ಲ. ಕೊಡಬೇಕಾದ ಕಾಲಕ್ಕೆ ಅವರ ಹತ್ತಿರ ಜನ ಎಲ್ಲಿದ್ದರು ಹೇಳು, ಅಲೆ ಎದ್ದದ್ದೇ ಆಮೇಲೆ. ಅಟ್ಲಾಂಟಾದ ಚರ್ಚೆಯಲ್ಲಿ ಮಾಂಡೇಲ್ ಒಂದು ಬರ್ಗರ್ ಜಾಹೀರಾತಿನ ಮಾತೆತ್ತಿಕೊಂಡು "ಬೀಫ್ ಎಲ್ಲಿದೆ?" ಅಂತ ಹಾರ್ಟ್‌ಗೆ ಕೇಳಿಬಿಟ್ಟರು. ಸಭೆಗೆ ಸಭೆಯೇ ನಕ್ಕಿತು, ಆ ಜಾಹೀರಾತನ್ನೇ ನೋಡದ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೊಸ ವಿಚಾರ, ಹೊಸ ವಿಚಾರ ಅಂತೀಯಲ್ಲ, ಒಳಗೆ ಹೂರಣ ಇದೆಯಾ ಅಂತ ಅವರು ಕೇಳಿದ್ದು. ಹಾರ್ಟ್ ಹತ್ತಿರ ವಿಚಾರ ಇರಲಿಲ್ಲ ಅಂತಲ್ಲ. ಒಂದೇ ವಾಕ್ಯದಲ್ಲಿ ಹೇಳಲು ಆ ಕ್ಷಣಕ್ಕೆ ಬರಲಿಲ್ಲ.

ಇನ್ನು ನಮ್ಮ ನ್ಯೂಜೆರ್ಸಿಯ ಕಥೆ. ಜೂನ್ 5ಕ್ಕೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಎರಡೂ ಕಡೆ ಮತದಾನ. ಅದಕ್ಕೆ ಕೆಲವು ದಿನ ಮುಂಚೆ ಕ್ಯಾಲಿಫೋರ್ನಿಯಾದ ಒಂದು ಸಮಾರಂಭದಲ್ಲಿ ಹಾರ್ಟ್ ತಮಾಷೆಗೆ ಹೊರಟರು: ನಾವು ಗಂಡ ಹೆಂಡತಿ ಬೇರೆ ಬೇರೆ ಕಡೆ ಪ್ರಚಾರ ಮಾಡ್ತಿದ್ದೇವೆ, ಅವಳಿಗೆ ಕ್ಯಾಲಿಫೋರ್ನಿಯಾ, ನನ್ನ ಪಾಲಿಗೆ ನ್ಯೂಜೆರ್ಸಿ ಅಂತ. ಹೆಂಡತಿ ತಾನು ಕೋಲಾ ಕರಡಿಯನ್ನು ಎತ್ತಿಕೊಂಡಿದ್ದನ್ನು ಹೇಳಿದರೆ, ಇವರು ತನಗೆ ಕೈಯಲ್ಲಿ ಹಿಡಿಯಲು ಸಿಕ್ಕಿದ್ದು ವಿಷದ ಕಸದ ಗುಂಡಿಯ ಸ್ಯಾಂಪಲ್ಲು ಅಂದರು. ಅಲ್ಲಿದ್ದವರು ನಕ್ಕರು. ಇಲ್ಲಿ ಯಾರೂ ನಗಲಿಲ್ಲ. ಕ್ಯಾಲಿಫೋರ್ನಿಯಾ ಹಾರ್ಟ್‌ಗೆ ಸಿಕ್ಕಿತು, ನ್ಯೂಜೆರ್ಸಿ ಕೈಬಿಟ್ಟಿತು. ಮಾರನೆಯ ಬೆಳಿಗ್ಗೆ ಮಾಂಡೇಲ್ ಫೋನ್ ಹಿಡಿದು ಕೂತು ಪಕ್ಷದ ದೊಡ್ಡವರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿ, ಬೇಕಿದ್ದ 1,967 ಪ್ರತಿನಿಧಿಗಳ ಲೆಕ್ಕ ತುಂಬಿಸಿಕೊಂಡರು. ಅಷ್ಟು ಮಾಡಿ ಟಿಕೆಟ್ ಗೆದ್ದವರು ನವೆಂಬರ್‌ನಲ್ಲಿ ರೇಗನ್ ಎದುರು 49 ರಾಜ್ಯ ಸೋತರು, ಅದು ಬೇರೆ ಮಾತು.

ಇದು ನಲವತ್ತು ವರ್ಷದ ಹಿಂದಿನದ್ದು, ಈಗ ಕಾಲ ಬೇರೆ ಅನ್ನುತ್ತೀಯ. ಸರಿ, ನಿನ್ನ ಊರಿನದ್ದೇ, ನಾಲ್ಕೇ ವರ್ಷದ ಹಿಂದಿನದ್ದು ತಗೋ. ನಿಮ್ಮಲ್ಲಿ ಮೊದಲ ಆಯ್ಕೆ, ಎರಡನೆಯ ಆಯ್ಕೆ ಅಂತ ಐದು ಹೆಸರಿನವರೆಗೆ ಗುರುತು ಹಾಕಬಹುದಲ್ಲ, 2021ರ ಮೇಯರ್ ಪ್ರೈಮರಿಯಲ್ಲಿ ಎರಿಕ್ ಆಡಮ್ಸ್ ಮೊದಲ ಆಯ್ಕೆಯಲ್ಲಿ ಸುಮಾರು ಶೇ. 31, ಕ್ಯಾಥ್ರಿನ್ ಗಾರ್ಸಿಯಾ ಶೇ. 20ರ ಒಳಗೆ, ಅದೂ ಮೂರನೆಯ ಜಾಗ. ಕೆಳಗಿನವರು ಒಬ್ಬೊಬ್ಬರೇ ಹೊರಬಿದ್ದ ಹಾಗೆ ಅವರ ವೋಟುಗಳು ಮುಂದಿನ ಆಯ್ಕೆಗೆ ಹೋಗುತ್ತಾ ಗಾರ್ಸಿಯಾ ಏರಿ ಏರಿ ಕೊನೆಯ ಸುತ್ತಿಗೆ ಬಂದರು. ಸೋತದ್ದು 7,197 ವೋಟಿಗೆ. ಈಗ ಇನ್ನೊಂದು ಸಂಖ್ಯೆ ನೋಡು: ಕೊನೆಯ ಸುತ್ತಿನ ಹೊತ್ತಿಗೆ ಲೆಕ್ಕದಿಂದಲೇ ಹೊರಗುಳಿದ ಮತಪತ್ರಗಳು ಸುಮಾರು 1,40,000. ಆಡಮ್ಸ್ ಆಗಲಿ ಗಾರ್ಸಿಯಾ ಆಗಲಿ ಇಬ್ಬರ ಹೆಸರೂ ಅವುಗಳಲ್ಲಿರಲಿಲ್ಲ. ಮತಗಟ್ಟೆಗೆ ನಡೆದು ಬಂದು, ಸಾಲಲ್ಲಿ ನಿಂತು, ಒಂದೋ ಎರಡೋ ಹೆಸರಿಗೆ ಗುರುತು ಹಾಕಿ ಉಳಿದದ್ದನ್ನು ಖಾಲಿ ಬಿಟ್ಟು ಹೋದವರೇ ಅದರಲ್ಲಿ ಎಷ್ಟು ಜನವೋ.

ಅದಕ್ಕೆ ಮೊದಲ ಮಾತು. ನೀನು ಬಾಗಿಲು ತಟ್ಟಿದಾಗ "ನಮ್ಮವರಿಗೆ ಹಾಕಿ" ಅನ್ನುವುದಕ್ಕಿಂತ ಐದು ಕಾಲಮ್ ತುಂಬಿಸುವುದು ಹೇಗೆ ಅಂತ ತೋರಿಸುವುದಕ್ಕೆ ಹೊತ್ತು ಕೊಡು. ಮಮ್ದಾನಿ ಹಿಂದಿ ಮಾತಾಡುತ್ತಾ ಲಸ್ಸಿ ಲೋಟಗಳನ್ನು ಇಟ್ಟುಕೊಂಡು ವಿವರಿಸಿದ ವಿಡಿಯೋ ನೀನೇ ಕಳಿಸಿದ್ದೆ, ಚೆನ್ನಾಗಿದೆ. ನಮ್ಮವರ ಮನೆಯಾದರೆ ಮಜ್ಜಿಗೆ ಲೋಟ ಇಟ್ಟೇ ತೋರಿಸು. ಮೊದಲ ಲೋಟ ಎತ್ತಿಟ್ಟರೆ ಅದರಲ್ಲಿದ್ದದ್ದು ಎರಡನೆಯದಕ್ಕೆ ಸುರಿಯುತ್ತದೆ, ಎರಡನೆಯ ಲೋಟವೇ ಇಲ್ಲದಿದ್ದರೆ ನೆಲಕ್ಕೆ. ಫ್ಲಷಿಂಗ್ ಗಣೇಶನ ಗುಡಿಯ ಕ್ಯಾಂಟೀನಲ್ಲಿ ದೋಸೆಗೆ ಕಾಯುವ ಹಿರಿಯರಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ಬ್ಯಾಲೆಟ್ ಬಂಗಾಳಿಯಲ್ಲಿ ಸಿಗುತ್ತದೆ, ಕನ್ನಡದಲ್ಲಿಲ್ಲ. ಆ ಕೆಲಸಕ್ಕೆ ನೀನೇ ಬೇಕು.

ಎರಡನೆಯದು, ಇದನ್ನು ಸ್ವಲ್ಪ ಗಮನವಿಟ್ಟು ಓದು. ನಿನ್ನ ಸಿಟ್ಟೆಲ್ಲ ಕ್ಯೂಮೋ ಬೆಂಬಲಿಗರ ಮೇಲಿದೆ ಅಂತ ನಿನ್ನ ಮೆಸೇಜುಗಳಲ್ಲೇ ಕಾಣುತ್ತದೆ. ಆದರೆ ಕೊನೆಯ ಸುತ್ತು ಇವರಿಬ್ಬರ ನಡುವೆಯೇ ಆಗುವುದಾದರೆ, ಕ್ಯೂಮೋಗೆ ಮೊದಲ ಆಯ್ಕೆ ಕೊಟ್ಟವರ ಎರಡನೆಯ ಹೆಸರನ್ನು ಯಾರೂ ಬಿಚ್ಚಿ ನೋಡುವುದೇ ಇಲ್ಲ. ಪೈಪೋಟಿ ಇರುವುದು ಕಣದಲ್ಲಿರುವ ಉಳಿದವರಾದ ಬ್ರಾಡ್ ಲ್ಯಾಂಡರ್, ಏಡ್ರಿಯನ್ ಆಡಮ್ಸ್, ಸ್ಕಾಟ್ ಸ್ಟ್ರಿಂಗರ್, ಝೆಲ್ನರ್ ಮೈರಿ ಇವರ ಕಡೆಯವರಿಗಾಗಿ. ಲ್ಯಾಂಡರ್ ಮತ್ತು ಮಮ್ದಾನಿ ಮೊನ್ನೆ 13ರಂದು, ನನ್ನ ಹೆಸರು ಮೊದಲು ಬರೆದವರು ಇವರನ್ನು ಎರಡನೆಯದಾಗಿ ಬರೆಯಿರಿ ಅಂತ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಅದಕ್ಕೇ. 2021ರಲ್ಲಿ ಇನ್ನೊಬ್ಬ ಅಭ್ಯರ್ಥಿ ಆಂಡ್ರ್ಯೂ ಯಾಂಗ್ ತನ್ನವರಿಗೆ ಗಾರ್ಸಿಯಾ ಹೆಸರು ಬರೆಯಿರಿ ಅಂದರು, ಗಾರ್ಸಿಯಾ ತಿರುಗಿ ಹಾಗೆ ಹೇಳಲಿಲ್ಲ. ಈ ಸಲದ್ದು ಎರಡೂ ಕಡೆಯಿಂದ ಬಂದಿದೆ. ಹಾಗಿರುವಾಗ ಆಗ್ನೇಯ ಕ್ವೀನ್ಸ್‌ನಲ್ಲಿ ಒಬ್ಬ ಅಜ್ಜಿ "ನಾನು ಏಡ್ರಿಯನ್‌ಗೆ ಹಾಕ್ತೀನಿ, ನಮ್ಮ ಪಕ್ಕದ ಬೀದಿಯವಳು" ಅಂದರೆ, "ಅವರು ಗೆಲ್ಲೋದಿಲ್ಲ ಅಜ್ಜಿ" ಅಂತ ಬಾಯಿ ಬಿಡಬೇಡ. "ಹಾಕಿ, ಒಳ್ಳೆಯದು, ಎರಡನೆಯ ಸಾಲಲ್ಲಿ ನಮ್ಮನ್ನು ನೆನೆಸಿಕೊಳ್ಳಿ" ಅನ್ನು. ಅಷ್ಟು ಸಾಕು.

ಹಾಗಂತ ಕ್ಯೂಮೋ ಕಡೆಯವರ ಹತ್ತಿರ ಒರಟಾಗಿ ಮಾತಾಡಬಹುದು ಅಂತಲ್ಲ. 2020ರ ಕೋವಿಡ್‌ನಲ್ಲಿ ಕ್ವೀನ್ಸ್‌ನ ಎಲ್ಮ್‌ಹರ್ಸ್ಟ್ ಆಸ್ಪತ್ರೆಯ ಹೊರಗೆ ಸಾಲು ನಿಂತ ದಿನಗಳಲ್ಲಿ ಎಷ್ಟೋ ವಯಸ್ಸಾದವರು ದಿನಾ ಟಿವಿಯಲ್ಲಿ ಗವರ್ನರ್ ಆಗಿದ್ದ ಆ ಮನುಷ್ಯನ ಮುಖ ನೋಡಿ ಧೈರ್ಯ ತಂದುಕೊಂಡರು. ಆಮೇಲೆ ಹಲವು ಮಹಿಳೆಯರಿಂದ ಲೈಂಗಿಕ ಕಿರುಕುಳದ ದೂರು, ಅಟಾರ್ನಿ ಜನರಲ್ ವರದಿ, 2021ರ ಆಗಸ್ಟಿನಲ್ಲಿ ರಾಜೀನಾಮೆ, ಇವೆಲ್ಲ ಆ ಜನರಿಗೂ ಗೊತ್ತು. ಆರೋಪಗಳನ್ನು ಕ್ಯೂಮೋ ಒಪ್ಪಿಲ್ಲ ಅನ್ನುವುದೂ ಗೊತ್ತು. ನೀನು ಮೆಟ್ಟಿಲ ಮೇಲೆ ನಿಂತು ಎರಡು ನಿಮಿಷದಲ್ಲಿ ಅವರ ನೆನಪು ಅಳಿಸಲಾರೆ. ಮತ್ತೆ, ಅಮ್ಮ, ಇದು ಫೋನಿನ ಕಾಲ. ನೀನು ಒಂದು ಮನೆಯಲ್ಲಿ ಆಡಿದ ಚುಚ್ಚುಮಾತು ಸಂಜೆಯೊಳಗೆ ಆ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ. ಹಾರ್ಟ್ ಆಡಿದ್ದಾದರೂ ಮೂರು ಸಾವಿರ ಮೈಲಿ ಆಚೆಯಿಂದ ಬರಬೇಕಿತ್ತು.

"ಹೂರಣ ಎಲ್ಲಿ" ಅಂತ ನಿನ್ನನ್ನೂ ಕೇಳುತ್ತಾರೆ, ತಯಾರಿರು. ಬಾಡಿಗೆ ಏರಿಸುವುದಿಲ್ಲ ಅನ್ನುವ ಮಮ್ದಾನಿ ಭರವಸೆ ಎಲ್ಲ ಮನೆಗಳಿಗೂ ಅಲ್ಲ, ಸುಮಾರು ಹತ್ತು ಲಕ್ಷ ನಿಯಂತ್ರಿತ ಬಾಡಿಗೆ ಮನೆಗಳಿಗೆ. ಅದನ್ನು ತೀರ್ಮಾನಿಸುವುದು ಒಂಬತ್ತು ಜನರ ಮಂಡಳಿ, ಅವರನ್ನು ನೇಮಿಸುವವರು ಮೇಯರ್. ಹಾಗಾಗಿ ಅದು ಕೈಗೆಟಕುವ ಮಾತು. ಬಸ್ಸು ಉಚಿತ ಅನ್ನುವುದು ಅಷ್ಟು ಸುಲಭವಲ್ಲ, ಬಸ್ಸು ನಡೆಸುವ ಎಂಟಿಎ ಸಂಸ್ಥೆ ರಾಜ್ಯದ ಹಿಡಿತದಲ್ಲಿದೆ, ರಾಜ್ಯದ ರಾಜಧಾನಿ ಆಲ್ಬನಿ ಒಪ್ಪಬೇಕು. ನನಗೆ ಕೇಳಿದರೆ ಆ ಬಸ್ಸಿನ ಮಾತು ಸ್ವಲ್ಪ ಜಾಸ್ತಿಯೇ ಆಯಿತು. ನೀನು ಒಪ್ಪದಿದ್ದರೂ ಪರವಾಗಿಲ್ಲ, ಆದರೆ ಯಾರಾದರೂ ಕೇಳಿದರೆ "ಆಲ್ಬನಿ ಒಪ್ಪಿದರೆ" ಅಂತ ಸೇರಿಸಿಯೇ ಹೇಳು. ದುಡ್ಡಿನ ಮಾತು ಬಂದರೆ ಮಾತ್ರ ಅಂಜಬೇಡ. ಆ ಕಡೆ ಮಾಜಿ ಮೇಯರ್ ಬ್ಲೂಮ್‌ಬರ್ಗ್ ಒಬ್ಬರೇ ಕ್ಯೂಮೋ ಪರ ಸೂಪರ್ ಪ್ಯಾಕ್‌ಗೆ, ಅಂದರೆ ಮಿತಿಯಿಲ್ಲದೆ ದೇಣಿಗೆ ಪಡೆಯುವ ಪ್ರಚಾರ ಸಂಸ್ಥೆಗೆ, 50 ಲಕ್ಷ ಡಾಲರ್ ಕೊಟ್ಟಿದ್ದಾರೆ. ಈ ಕಡೆ ನಗರದವರು ಕೊಡುವ ಸಣ್ಣ ದೇಣಿಗೆಯ ಒಂದೊಂದು ಡಾಲರಿಗೆ ಎಂಟು ಡಾಲರ್ ನಗರವೇ ಸೇರಿಸುತ್ತದೆ, ಮಾರ್ಚಿನಲ್ಲೇ ಮಿತಿ ಮುಟ್ಟಿ ಇನ್ನು ಕಳಿಸಬೇಡಿ ಅಂದವರು ನಿಮ್ಮವರು. ದುಡ್ಡು ಬೇಡ ಅಂದ ರಾಜಕಾರಣಿಯನ್ನು ನಾನು ನೋಡಿದ್ದು ಅದೇ ಮೊದಲು!

ಇನ್ನೊಂದು ವಿಷಯ, ಇದು ನಾನು ಇಲ್ಲಿ ಮತಗಟ್ಟೆಯಲ್ಲಿ ಕೂರುವವಳಾಗಿ ಹೇಳುವುದು. ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದವರು ಪ್ರೈಮರಿ ದಿನ ಮೇಜಿನ ಮುಂದೆಯೇ ಪಕ್ಷ ಹೇಳಿ ವೋಟು ಹಾಕಬಹುದು. ನಿಮ್ಮಲ್ಲಿ ಹಾಗಿಲ್ಲ. ನೋಂದಣಿಯಲ್ಲಿ ಪಕ್ಷ ಬರೆಯಿಸದವರು ಬದಲಾಯಿಸಿಕೊಳ್ಳಲು ಫೆಬ್ರವರಿ 14 ಕೊನೆಯಾಗಿತ್ತು. ಎಷ್ಟೋ ನಮ್ಮವರು "ನಮಗ್ಯಾಕೆ ಪಕ್ಷ" ಅಂತ ಆ ಜಾಗ ಖಾಲಿ ಬಿಟ್ಟಿರುತ್ತಾರೆ. ಅವರನ್ನು ಒಪ್ಪಿಸುತ್ತಾ ಅರ್ಧ ಗಂಟೆ ಕಳೆಯಬೇಡ, ನಗುನಗುತ್ತಾ ನವೆಂಬರಿಗೆ ಬರ್ತೀನಿ ಅಂತ ಹೇಳಿ ಮುಂದಿನ ಮನೆಗೆ ಹೋಗು. ನವೆಂಬರಿನ ಮುಖ್ಯ ಚುನಾವಣೆಯ ಮಾತೆತ್ತಿದ್ದು ಸುಮ್ಮನೆ ಅಲ್ಲ. ಕ್ಯೂಮೋ ಆಗಲೇ ಬೇರೆ ಪಕ್ಷದ ಹೆಸರಲ್ಲಿ ಅರ್ಜಿ ಹಾಕಿಟ್ಟುಕೊಂಡಿದ್ದಾರೆ, ಈಗಿನ ಮೇಯರ್ ಎರಿಕ್ ಆಡಮ್ಸ್ ಸ್ವತಂತ್ರರಾಗಿ ನಿಲ್ಲುತ್ತಿದ್ದಾರೆ. 24ಕ್ಕೆ ಏನೇ ಆದರೂ ಅದು ಕೊನೆಯಲ್ಲ.

ಅಂದಹಾಗೆ ನಿನ್ನ ಅಮ್ಮ ಫೋನ್ ಮಾಡಿದ್ದಳು. "ಅಕ್ಕಾ, ಇವಳು ಕೆಲಸಕ್ಕೆ ರಾಜೀನಾಮೆ ಕೊಟ್ಟು ಪ್ರಚಾರಕ್ಕೇ ಸೇರ್ತಾಳಂತೆ, ನೀನೇ ಹೇಳು" ಅಂತ. ಅವಳು ಹೇಳಿಸಿದ್ದಾಳೆ ಅಂತ ನಾನು ಬೇಡ ಅನ್ನುವುದಿಲ್ಲ. ಮಾಡುವುದಾದರೆ ಮಾಡು, ಸಮೀಕ್ಷೆ ಏರುತ್ತಿರುವ ವಾರದಲ್ಲಿ ಮಾತ್ರ ಬೇಡ. ಈಗ ರಜೆ ಹಾಕು. ಮುಂಗಡ ಮತದಾನ 22ರವರೆಗಿದೆ, 24ರಂದು ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಮತಗಟ್ಟೆ ತೆರೆದಿರುತ್ತದೆ, ಅಷ್ಟು ದಿನ ನಿನ್ನ ಕಾಲು ಪ್ರಚಾರಕ್ಕೆ. ಅವತ್ತು ರಾತ್ರಿ ಗೊತ್ತಾಗುವುದು ಮೊದಲ ಆಯ್ಕೆಯ ಲೆಕ್ಕ. ಯಾರೂ ಅರ್ಧ ದಾಟದಿದ್ದರೆ ಉಳಿದ ಸುತ್ತುಗಳು ಜುಲೈ 1ಕ್ಕೆ. ಆಮೇಲೆ ಒಂದು ವಾರ ನಿದ್ದೆ ಮಾಡು. ಆಗಲೂ ಬೆಳಿಗ್ಗೆ ಎದ್ದ ತಕ್ಷಣ ಇದೇ ಕೆಲಸ ಬೇಕು ಅನ್ನಿಸಿದರೆ ನನಗೆ ಹೇಳು, ನಿನ್ನ ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಸೋತ ಅಭ್ಯರ್ಥಿಯ ಕಚೇರಿಯಾಗಿದ್ದರೂ ಸೇರುತ್ತಿದ್ದೆಯಾ ಅಂತ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಯೋಚಿಸಿಟ್ಟುಕೋ.

ನೀರಿನ ಬಾಟಲಿ ಜೊತೆಗಿರಲಿ. ಆ ಹಳೆಯ ಚಪ್ಪಲಿಯಲ್ಲಿ ಬೀದಿ ಸುತ್ತಬೇಡ, ಶೂ ಹಾಕು.

ನಿನ್ನ ದೊಡ್ಡಮ್ಮ