ನಾನು ಕುಡಿದಿರಲಿಲ್ಲ ಅಕ್ಕ

ಕೊಲಂಬಸ್, ಒಹಾಯೊ
ಜುಲೈ 20

ಪ್ರೀತಿಯ ಅಕ್ಕ,

ಮೊನ್ನೆ ಬುಧವಾರ ಹಾಲು ಕರೆಯಲು ಹೋಗುವ ಮೊದಲು ನೀನು ಫೋನ್ ಮಾಡಿದಾಗ ನನ್ನ ಮಾತು ತೊದಲುತ್ತಿತ್ತು. "ಕುಡಿದಿದ್ದೀಯಾ?" ಎಂದು ಕೇಳಿ ಫೋನ್ ಇಟ್ಟುಬಿಟ್ಟೆ. ಕುಡಿದಿರಲಿಲ್ಲ. ಕ್ಲಿನಿಕ್ಕಿನಿಂದ ಬಂದು ಅರ್ಧ ಗಂಟೆ ಆಗಿತ್ತಷ್ಟೆ. ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದಿಂದ ನನಗೆ ಡಿಪ್ರೆಶನ್. ಕಳೆದ ಸಲ ಬಂದಾಗ ಹಗಲೆಲ್ಲ ಚಾವಡಿಯಲ್ಲಿ ಮಲಗಿರುತ್ತಿದ್ದೆನಲ್ಲ, ಅಮ್ಮ ವಿಮಾನದ ಆಯಾಸ ಅಂದಳು, ನಾನೂ ಹೌದು ಅಂದೆ. ಇಲ್ಲಿನ ಡಾಕ್ಟ್ರು ಒಂದು ಮಾತ್ರೆ ಕೊಟ್ಟು, ಡೋಸ್ ಏರಿಸಿ, ಎರಡು ತಿಂಗಳು ನೋಡಿದರು. ಆಮೇಲೆ ಬೇರೆ ಮಾತ್ರೆ. ಅದೂ ಹಿಡಿಯಲಿಲ್ಲ. ಹೀಗೆ ಎರಡು ಮದ್ದಿಗೂ ಜಗ್ಗದ ಡಿಪ್ರೆಶನ್‌ಗೆ ಎಸ್‌ಕೆಟಮಿನ್ ಎಂಬ ಮೂಗಿನ ಸ್ಪ್ರೇ ಇದೆ, ಇಲ್ಲಿ 2019ರ ಮಾರ್ಚಿನಲ್ಲಿ ಒಪ್ಪಿಗೆಯಾದದ್ದು. ಆಪರೇಷನ್‌ಗೆ ಪ್ರಜ್ಞೆ ತಪ್ಪಿಸಲು ಕೊಡುವ ಕೆಟಮಿನ್‌ನದೇ ಒಂದು ರೂಪ.

ಕೊಡುವವರನ್ನು ಹುಡುಕುವುದೇ ದೊಡ್ಡ ಕತೆಯಾಯಿತು. ಇದನ್ನು ಮೆಡಿಕಲ್ ಶಾಪಿನಿಂದ ಮನೆಗೆ ತರುವಂತಿಲ್ಲ. ಇದಕ್ಕೆಂದೇ ನೋಂದಾಯಿಸಿದ ಕ್ಲಿನಿಕ್ಕಿನಲ್ಲಿ, ಅವರ ಕಣ್ಣೆದುರೇ ತೆಗೆದುಕೊಳ್ಳಬೇಕು. ಮೊದಲು ಕೇಳಿದವರು ಹೊಸಬರನ್ನು ಸೇರಿಸುತ್ತಿಲ್ಲ ಅಂದರು. ಇನ್ನೊಂದು ಕಡೆ ಫೋನೆತ್ತಿದ ಹೆಂಗಸು ಕಾಯಿಲೆ ಏನೆಂದು ಕೇಳುವ ಮೊದಲೇ ಕ್ರೆಡಿಟ್ ಕಾರ್ಡ್ ನಂಬರ್ ಕೇಳಿದಳು. ಅವರದು ಸ್ಪ್ರೇಯೇ ಅಲ್ಲ, ಕೆಟಮಿನ್ ಡ್ರಿಪ್. ಡಿಪ್ರೆಶನ್‌ಗೆಂದು ಅದಕ್ಕೆ ಇಲ್ಲಿನ ಸರಕಾರದ ಒಪ್ಪಿಗೆ ಇಲ್ಲ. ಕೊನೆಗೆ ಸಿಕ್ಕಿದ್ದು ನಮ್ಮೂರು ಪೆರ್ಲದಿಂದ ಮಂಗಳೂರಿಗೆ ಹೋದಷ್ಟು ದೂರದಲ್ಲಿ. ಹಳೆಯ ಮಾತ್ರೆಗಳ ತಾರೀಕು, ಡೋಸ್ ಎಲ್ಲ ಬರೆದು ಕಳಿಸಿದ ಮೇಲೆ, ಮೂರು ವಾರ ಸತಾಯಿಸಿ ಇನ್ಶೂರೆನ್ಸ್‌ನವರು ಹೂಂ ಅಂದರು.

ಎರಡು ಗಂಟೆ ಮೊದಲಿನಿಂದ ಏನೂ ತಿನ್ನಬಾರದು. ಬಿಪಿ ನೋಡಿ ಒರಗು ಕುರ್ಚಿಯಲ್ಲಿ ಕೂರಿಸುತ್ತಾರೆ. ಸ್ಪ್ರೇ ಕೈಗೆ ಕೊಡುತ್ತಾರೆ, ಬಿಡುವುದು ನಾನೇ. ಅದರ ಮೇಲೆ ಎರಡು ಹಸಿರು ಚುಕ್ಕಿ. ಒಂದು ಹೊಳ್ಳೆಗೆ ಬಿಟ್ಟರೆ ಒಂದು ಮಾಯ, ಇನ್ನೊಂದಕ್ಕೆ ಬಿಟ್ಟರೆ ಅದೂ ಮಾಯ. ಐದು ನಿಮಿಷ ಬಿಟ್ಟು ಮತ್ತೊಂದು ಸ್ಪ್ರೇ, ಹೀಗೆ ಮೂರು. ಗಂಟಲಿಗೆ ಕಹಿ ಇಳಿಯುತ್ತದೆ. ಆಮೇಲೆ ತಲೆಯ ಮೇಲಿನ ಮಾಡು ಇನ್ನೂ ಮೇಲಕ್ಕೆ ಹೋದ ಹಾಗೆ, ತೊಡೆಯ ಮೇಲಿನ ಕೈ ಬೇರೆ ಯಾರದೋ ಅನ್ನುವ ಹಾಗೆ. ಮೊದಲ ಸಲ ಹೆದರಿದೆ, ಈಗ ಇಲ್ಲ. ನಲವತ್ತು ನಿಮಿಷಕ್ಕೆ ಮತ್ತೆ ಬಿಪಿ. ಎರಡು ಗಂಟೆ ಕಳೆಯದೆ ಬಿಡುವುದಿಲ್ಲ, ರಾತ್ರಿ ನಿದ್ದೆ ಮಾಡಿ ಏಳುವವರೆಗೆ ಕಾರು ಮುಟ್ಟುವಂತಿಲ್ಲ. ಆ ಕ್ಲಿನಿಕ್ಕಿಗೆ ಬಸ್ಸಿಲ್ಲ. ಆಫೀಸಿನಲ್ಲಿರುವ, ನಮ್ಮ ಕಾಸರಗೋಡು ಕಡೆಯ ಹೊಸದುರ್ಗದ ಹುಡುಗನೊಬ್ಬ ಕರೆದುಕೊಂಡು ಹೋಗಿ ಬರುತ್ತಾನೆ, ದಾರಿಯುದ್ದಕ್ಕೂ ನನ್ನ ಮಲಯಾಳ ತಿದ್ದುತ್ತಾನೆ.

ಐದು ಸಲ ಆಯಿತು. ಗುಣವಾಯಿತು ಅನ್ನುವ ಹಾಗಿಲ್ಲ. ಆದರೆ ಕಳೆದ ಭಾನುವಾರ ಹಸಿವಾಗಿ ಎದ್ದು ಸಾರು ಮಾಡಿದೆ, ಉಪ್ಪು ಜಾಸ್ತಿಯಾಗಿ ಸಿಟ್ಟು ಬಂತು. ಸಿಟ್ಟು ಬರದೆ ಎಷ್ಟು ಕಾಲವಾಗಿತ್ತೋ.

ಮೊದಲ ನಾಲ್ಕು ವಾರ ವಾರಕ್ಕೆರಡು, ಮತ್ತೆ ನಾಲ್ಕು ವಾರ ಒಂದೊಂದು, ಆಮೇಲೆ ನೋಡಿಕೊಂಡು. ಹಾಗಾಗಿ ಚೌತಿಗೆ ಬರಲಾಗದು. ಭಾವನಿಗೆ ಹೇಳು, ಅವರಿಂದ ಮುಚ್ಚಿಡುವುದು ಬೇಡ. ಅಮ್ಮನಿಗೂ ನೀನೇ ಹೇಳು, ಆದರೆ ಸ್ಪ್ರೇ ಅನ್ನಬೇಡ. ಆ ಶಬ್ದ ಕೇಳಿದರೆ ಅವಳಿಗೆ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ವಿಷ ನೆನಪಾಗುವುದು. ಮೂಗಿಗೆ ಬಿಡುವ ಮದ್ದು ಅಂದರೆ ಸಾಕು.

ನಿಮ್ಮಲ್ಲಿ ಬುಧವಾರ, ಶನಿವಾರ ಬೆಳಗ್ಗೆ ಆಗಿರುವಾಗ ಫೋನ್ ಮಾಡಬೇಡ, ಆಗ ನಾನು ಮಂಪರಿನಲ್ಲಿರುತ್ತೇನೆ. ಉಳಿದ ದಿನ ಮಾಡು. ಅಡಿಕೆ ತೋಟಕ್ಕೆ ಎರಡನೇ ಮದ್ದು ಬಿಟ್ಟಾಯಿತಾ? ಮರ ಹತ್ತಲು ಜನ ಸಿಕ್ಕಿದರಾ?

ನಿನ್ನ ತಮ್ಮ